ಮಾವಿಲ್ಲದ ಮಾವಿನ ಪಾಠ

ನಮ್ಮ ಖಾಸಗಿ ಶಾಲೆಗಳ ಎಲ್‌ಕೆಜಿ, ಯುಕೆಜಿ ತರಗತಿಗಳಿಗೆ ಅವುಗಳದ್ದೇ ಒಂದು ಪಂಚಾಂಗವಿದೆ. ಒಂದು ತಿಂಗಳು 'ನಾನು ಮತ್ತು ನನ್ನ ಕುಟುಂಬ', ಇನ್ನೊಂದು ತಿಂಗಳು 'ಹಣ್ಣು-ತರಕಾರಿ', ಆಮೇಲೆ 'ಪ್ರಾಣಿಗಳು', 'ವಾಹನಗಳು', 'ನಮ್ಮ ಸಹಾಯಕರು'. ನಡುನಡುವೆ ಒಂದು 'ಹಳದಿ ದಿನ', ಒಂದು 'ಹಣ್ಣಿನ ದಿನ'. ಹಳದಿ ದಿನದಂದು ಮಕ್ಕಳು ಹಳದಿ ಅಂಗಿ ತೊಟ್ಟು ಬರಬೇಕು, ಡಬ್ಬಿಯಲ್ಲೂ ಹಳದಿ ಬಣ್ಣದ ತಿಂಡಿಯೇ ಇರಬೇಕು. ಗೋಡೆಯ ಮೇಲೆ ಮೂವತ್ತು ಸೂರ್ಯಕಾಂತಿಗಳು, ಮೂವತ್ತೂ ಒಂದೇ ಅಳತೆಯವು. ಸಂಜೆಯೊಳಗೆ ಅವುಗಳ ಫೋಟೊ ಹೆತ್ತವರ ವಾಟ್ಸ್‌ಆ್ಯಪ್ ಗುಂಪಿಗೆ ಬಂದಿರುತ್ತದೆ. ಇದನ್ನು ಶಾಲೆಯ ಕರಪತ್ರದಲ್ಲಿ 'ಥೀಮ್ ಆಧಾರಿತ ಚಟುವಟಿಕೆ' ಎಂದೂ 'ಮಾಡಿ ಕಲಿಯುವ ವಿಧಾನ' ಎಂದೂ ಬರೆದಿರುತ್ತಾರೆ. ಹೆತ್ತವರಿಗೂ ಸಂತೋಷ. ಬೆತ್ತ ಹಿಡಿದು ಕಾಗುಣಿತ ಬರೆಸುತ್ತಿದ್ದ ಕಾಲಕ್ಕೆ ಹೋಲಿಸಿದರೆ ಇದು ಎಷ್ಟೋ ವಾಸಿ ಎಂದು ಯಾರಿಗಾದರೂ ಅನಿಸೀತು.

ಆದರೆ ಆ ಮೂವತ್ತು ಸೂರ್ಯಕಾಂತಿಗಳನ್ನು ಮಾಡಿದವರು ಯಾರು? ದಳಗಳನ್ನು ಕತ್ತರಿಸಿದ್ದು ಶಿಕ್ಷಕಿ, ಅದೂ ಹಿಂದಿನ ರಾತ್ರಿ ಮನೆಯಲ್ಲಿ ಕುಳಿತು. ಗುರುತು ಹಾಕಿದ ಜಾಗದಲ್ಲಿ ಅಂಟಿಸಿದ್ದು ಮಗು. ಸೊಟ್ಟಗೆ ಅಂಟಿಸಿದ್ದನ್ನು ನೆಟ್ಟಗೆ ಮಾಡಿದ್ದು ಆಯಾ. 'ವಾಹನ'ದ ತಿಂಗಳಲ್ಲಿ ಬರುವ ಥರ್ಮೊಕೋಲ್ ಬಸ್ಸಂತೂ ನೇರವಾಗಿ ಅಪ್ಪ-ಅಮ್ಮಂದಿರ ಕೈಕೆಲಸ. ಹಾಗಾದರೆ ಮಗುವಿನ ಕೈ ಎಲ್ಲಿತ್ತು? ಅದು ಏನನ್ನು ತೀರ್ಮಾನಿಸಿತು? ಚಟುವಟಿಕೆ ಆಧಾರಿತ ಕಲಿಕೆಯನ್ನು ತೂಗಿ ನೋಡಲು ಈ ಪ್ರಶ್ನೆಯೇ ಸಾಕು. ಮಗುವಿನ ಕೈ ಚಲಿಸಿತೇ ಎಂಬುದು ಮುಖ್ಯವಲ್ಲ. ಕೈ ಚಲಿಸುವಾಗ ಮಗು ಏನನ್ನಾದರೂ ಆಯ್ಕೆ ಮಾಡಿತೇ, ಏನಾದರೂ ಕೆಟ್ಟುಹೋಗಿ ಮತ್ತೆ ಮಾಡಿತೇ, ಏನಾದರೂ ಕೇಳಿತೇ ಎಂಬುದು ಮುಖ್ಯ.

ಶಿಶುವಿಹಾರದ ಇತಿಹಾಸವನ್ನು ನೋಡಿದರೆ ಈ ಜಗಳ ಹೊಸತೇನೂ ಅಲ್ಲ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಬ್ಲಾಂಕೆನ್‌ಬರ್ಗ್ ಎಂಬ ಊರಿನಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಆಟದ ಮನೆ ತೆರೆದರು. 1840ರಲ್ಲಿ ಅದಕ್ಕೆ 'ಕಿಂಡರ್‌ಗಾರ್ಟನ್', ಅಂದರೆ ಮಕ್ಕಳ ತೋಟ ಎಂದು ಹೆಸರಿಟ್ಟರು. ಮಕ್ಕಳ ಕೈಗೆ ಅವರು ಪುಸ್ತಕ ಕೊಡಲಿಲ್ಲ, 'ಉಡುಗೊರೆ'ಗಳನ್ನು ಕೊಟ್ಟರು. ಮೊದಲ ಉಡುಗೊರೆ ಉಣ್ಣೆಯ ಆರು ಬಣ್ಣದ ಚೆಂಡುಗಳು. ಎರಡನೆಯದು ಮರದ ಗೋಲ, ಉರುಳೆ ಮತ್ತು ಘನ. ಮೂರನೆಯದು ಎಂಟು ತುಂಡುಗಳಾಗಿ ಬಿಡಿಸಬಹುದಾದ ಒಂದು ಘನ. ಬಿಡಿಸುವುದು, ಜೋಡಿಸುವುದು, ಇಡಿಯಿಂದ ಬಿಡಿಯನ್ನು ತಿಳಿಯುವುದು. ಅಕ್ಷರಕ್ಕೆ ಮೊದಲು ವಸ್ತು, ನಾಲಿಗೆಗೆ ಮೊದಲು ಬೆರಳು ಎಂಬುದು ಅದರ ಹಿಂದಿನ ಆಲೋಚನೆ. ಅಂದಿನ ಸರಕಾರಕ್ಕೆ ಇದು ಎಷ್ಟು ಅಪಾಯಕಾರಿ ಎನಿಸಿತೆಂದರೆ 1851ರಲ್ಲಿ ಪ್ರಶ್ಯಾ ಕಿಂಡರ್‌ಗಾರ್ಟನ್‌ಗಳನ್ನೇ ನಿಷೇಧಿಸಿತು. ಮರುವರ್ಷ ಫ್ರೋಬೆಲ್ ತೀರಿಕೊಂಡರು. ನಿಷೇಧ ತೆರವಾದದ್ದು 1860ರಲ್ಲಿ.

ಆಮೇಲೆ ನಡೆದದ್ದು ಹೆಚ್ಚು ಪಾಠ ಕಲಿಸುವಂಥದ್ದು. ಸರಕಾರದ ನಿಷೇಧದಿಂದ ಸಾಯದ ಆಲೋಚನೆ ಶಿಷ್ಯರ ಭಕ್ತಿಯಿಂದ ಒಣಗತೊಡಗಿತು. ಅಮೇರಿಕಾದ ಎಷ್ಟೋ ಕಿಂಡರ್‌ಗಾರ್ಟನ್‌ಗಳಲ್ಲಿ ಉಡುಗೊರೆಗಳಿಗೊಂದು ಕ್ರಮ, ಕ್ರಮಕ್ಕೊಂದು ಅಪ್ಪಣೆ ಎಂಬಂತಾಯಿತು. ಎಲ್ಲ ಮಕ್ಕಳೂ ಗೆರೆ ಎಳೆದ ಮೇಜಿನ ಮುಂದೆ ಕುಳಿತು, ಶಿಕ್ಷಕಿ ಹೇಳಿದಾಗ ಹೇಳಿದ ಘನವನ್ನು ಹೇಳಿದ ಚೌಕದಲ್ಲಿ ಇಡಬೇಕು. ಕೈಯಲ್ಲಿ ಮರದ ತುಂಡು ಇದೆ, ಆದರೆ ಅದು ಉಕ್ತಲೇಖನ! ಇದನ್ನು ಪ್ರಶ್ನಿಸಿದವರಲ್ಲಿ ಕೆಂಟಕಿಯ ಪ್ಯಾಟಿ ಸ್ಮಿತ್ ಹಿಲ್ ಮುಖ್ಯರು. ಇಂದು ನಮ್ಮ ಹಳ್ಳಿಗಳಲ್ಲೂ ಕೇಕ್ ಕತ್ತರಿಸುವಾಗ ಹಾಡುವ ಹುಟ್ಟುಹಬ್ಬದ ಹಾಡಿನ ರಾಗ, ಆಕೆ ತನ್ನ ಅಕ್ಕ ಮಿಲ್ಡ್ರೆಡ್ ಜೊತೆ ಸೇರಿ ಶಿಶುವಿಹಾರದ ಮಕ್ಕಳಿಗಾಗಿ ರಚಿಸಿ 1893ರಲ್ಲಿ ಪ್ರಕಟಿಸಿದ ಶುಭೋದಯದ ಹಾಡಿನದು. ಹಾಡಿನಿಂದ ಆಕೆ ಪರೋಕ್ಷವಾಗಿ ಲೋಕಪ್ರಸಿದ್ಧೆಯಾದರೂ, ಆಕೆಯ ನಿಜವಾದ ಕೆಲಸ ದೊಡ್ಡ ಮರದ ದಿಮ್ಮಿಗಳಲ್ಲಿದೆ. ಬೆರಳ ತುದಿಯಲ್ಲಿ ಹಿಡಿಯುವ ಪುಟ್ಟ ಘನಗಳ ಬದಲು, ಮಕ್ಕಳು ಇಡೀ ಮೈ ಬಳಸಿ ಎತ್ತಿ ಜೋಡಿಸುವ, ತಾವೇ ಒಳಗೆ ಹೋಗಿ ಕೂರುವಷ್ಟು ದೊಡ್ಡ ಮನೆ ಕಟ್ಟಬಹುದಾದ ತುಂಡುಗಳನ್ನು ಆಕೆ ರೂಪಿಸಿದರು. ಫ್ರೋಬೆಲ್ ಕ್ರಮವನ್ನು ಕಾಪಾಡಬೇಕೆಂದಿದ್ದ ಸೂಸನ್ ಬ್ಲೋ ಅವರಿಗೂ ಹಿಲ್ ಅವರಿಗೂ 20ನೇ ಶತಮಾನದ ಮೊದಲ ದಶಕದಲ್ಲಿ ನ್ಯೂಯಾರ್ಕಿನ ಟೀಚರ್ಸ್ ಕಾಲೇಜಿನಲ್ಲಿ ನಡೆದ ವಾದವನ್ನು ಶಿಕ್ಷಣದ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. 'ಮನೆ' ಎಂಬ ವಿಷಯ ಇಬ್ಬರಲ್ಲೂ ಇತ್ತು. ಒಬ್ಬರಲ್ಲಿ ಮನೆಯ ನಕ್ಷೆ ಶಿಕ್ಷಕಿಯ ತಲೆಯಲ್ಲಿತ್ತು, ಇನ್ನೊಬ್ಬರಲ್ಲಿ ಮಕ್ಕಳ ನಡುವಿನ ಮಾತುಕತೆಯಲ್ಲಿತ್ತು.

ಈಗ ನಮ್ಮ ಮೂವತ್ತು ಸೂರ್ಯಕಾಂತಿಗಳನ್ನು ಮತ್ತೊಮ್ಮೆ ನೋಡಿ. ಅವು ಯಾರ ಪಕ್ಷದಲ್ಲಿವೆ?

ಕೈಕೆಲಸ ಹೇಗೆ ಯೋಚನೆಯಾಗುತ್ತದೆ ಎಂಬುದಕ್ಕೆ ನನಗೆ ಅತ್ಯಂತ ಪ್ರಿಯವಾದ ಉದಾಹರಣೆ ಜಾನ್ ಡ್ಯೂಯಿ ಅವರದ್ದು. 1896ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಅವರು ಪ್ರಾರಂಭಿಸಿದ ಪ್ರಯೋಗ ಶಾಲೆಯಲ್ಲಿ, ಶಿಶುವಿಹಾರದ ವಯಸ್ಸು ದಾಟಿದ ಮಕ್ಕಳಿಗೆ 'ಬಟ್ಟೆ' ಒಂದು ವಿಷಯ. ಶಿಕ್ಷಕರು ಬಟ್ಟೆಯ ಚಿತ್ರ ತೋರಿಸಲಿಲ್ಲ. ಉಣ್ಣೆ, ಅಗಸೆ ನಾರು, ಹತ್ತಿಯ ಕಾಯಿ ಎಲ್ಲವನ್ನೂ ಮುಂದಿಟ್ಟರು. ಒಂದು ಗುಂಪು ಅರ್ಧ ಗಂಟೆ ಕುಳಿತು ಹತ್ತಿಯಿಂದ ಬೀಜ ಬಿಡಿಸಿತು. ಸಿಕ್ಕಿದ ಹತ್ತಿ ಒಂದು ಔನ್ಸೂ ಇರಲಿಲ್ಲ. ತಮ್ಮ ಪೂರ್ವಜರು ಹತ್ತಿ ಬಿಟ್ಟು ಉಣ್ಣೆಯನ್ನೇ ಏಕೆ ತೊಡುತ್ತಿದ್ದರು ಎಂಬುದು ಬೆರಳು ನೋಯುವಾಗ ಆ ಮಕ್ಕಳಿಗೆ ತಿಳಿಯಿತು. ಯಂತ್ರ ಏಕೆ ಬೇಕಾಯಿತು ಎಂಬ ಇತಿಹಾಸದ ಪಾಠವೂ ಅಲ್ಲಿಂದಲೇ ಹೊರಟಿತು. ಅಲ್ಲಿ ಹತ್ತಿ ಅಲಂಕಾರವಾಗಿರಲಿಲ್ಲ. ಮಕ್ಕಳ ಕೈಗೆ ಎದುರುತ್ತರ ಕೊಡುವ ವಸ್ತುವಾಗಿತ್ತು. ಅಂಟಿಸಲು ಕೊಟ್ಟ ಬಣ್ಣದ ಕಾಗದ ಎದುರುತ್ತರ ಕೊಡುವುದಿಲ್ಲ, ಹೇಳಿದ ಹಾಗೆ ಕೇಳುತ್ತದೆ. ಆದ್ದರಿಂದಲೇ ಅದು ಏನನ್ನೂ ಕಲಿಸುವುದಿಲ್ಲ.

ಹಾಗೆಂದು ಕೈಗೆ ಕೆಲಸ ಕೊಟ್ಟ ಕೂಡಲೇ ಕಲಿಕೆ ತಾನಾಗಿ ಆಗಿಬಿಡುತ್ತದೆ ಎಂದು ಡ್ಯೂಯಿ ಹೇಳಲಿಲ್ಲ. 1938ರಲ್ಲಿ ಬರೆದ ಪುಸ್ತಕದಲ್ಲಿ ತಮ್ಮ ಹೆಸರು ಹೇಳಿಕೊಂಡು ನಡೆಯುತ್ತಿದ್ದ 'ಪ್ರಗತಿಪರ' ಶಾಲೆಗಳನ್ನೇ ಅವರು ಎಚ್ಚರಿಸಿದ್ದರು: ಎಲ್ಲ ಅನುಭವವೂ ಶಿಕ್ಷಣವಲ್ಲ, ಮುಂದಿನ ಅನುಭವಕ್ಕೆ ಬಾಗಿಲು ತೆರೆಯುವುದು ಮಾತ್ರ ಶಿಕ್ಷಣ. 1989ರಲ್ಲಿ ಲಿಲಿಯನ್ ಕ್ಯಾಟ್ಸ್ ಮತ್ತು ಸಿಲ್ವಿಯಾ ಚಾರ್ಡ್ ಪ್ರಾಜೆಕ್ಟ್ ವಿಧಾನದ ಬಗ್ಗೆ ಬರೆದಾಗ ಇದೇ ಮಾತನ್ನು ಬೇರೆ ರೀತಿ ಬಿಡಿಸಿಟ್ಟರು. ಥೀಮ್ ಎಂಬುದು ಶಿಕ್ಷಕಿ ಮೊದಲೇ ಹೆಣೆದಿಟ್ಟ ಚಟುವಟಿಕೆಗಳ ಸರಮಾಲೆ. ಪ್ರಾಜೆಕ್ಟ್ ಎಂದರೆ ಮಕ್ಕಳ ಪ್ರಶ್ನೆಯ ಬೆನ್ನು ಹತ್ತಿ ಹೋಗುವ ತನಿಖೆ. ಮೊದಲನೆಯದು ತಪ್ಪಲ್ಲ. ಆದರೆ ಮೊದಲನೆಯದರಲ್ಲೇ ನಿಂತರೆ ಮಗು ಅತಿಥಿಯಾಗಿಯೇ ಉಳಿಯುತ್ತದೆ.

ಇದೆಲ್ಲ ಪಾಶ್ಚಾತ್ಯರ ಮಾತು, ನಮ್ಮ ಬಡ ಶಾಲೆಗಳಿಗೆ ಹೊಂದುವುದಿಲ್ಲ ಎನ್ನುವವರಿದ್ದಾರೆ. ಅವರು ತಾರಾಬಾಯಿ ಮೋಡಕ್ ಅವರನ್ನು ಓದಿಲ್ಲ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಆರಂಭಿಸಿದ ಬಾಲಮಂದಿರದಲ್ಲಿ ಪಳಗಿದ ಈ ಮಹಿಳೆ, 1945ರಲ್ಲಿ ಮಹಾರಾಷ್ಟ್ರದ, ಆಗ ಠಾಣೆ ಜಿಲ್ಲೆಗೆ ಸೇರಿದ್ದ ಬೋರ್ಡಿ ಎಂಬ ಕಡಲ ತೀರದ ಊರಿಗೆ ಬಂದರು. ಜೊತೆಗೆ ಶಿಷ್ಯೆ ಅನುತಾಯಿ ವಾಘ್. ಸುತ್ತಲೂ ಆದಿವಾಸಿ ಮಕ್ಕಳು. ಶಾಲೆ ತೆರೆದರೆ ಬರುವವರಿಲ್ಲ. ಏಕೆಂದರೆ ದೊಡ್ಡ ಮಗು ಚಿಕ್ಕದನ್ನು ನೋಡಿಕೊಳ್ಳಬೇಕು, ತಾಯಿ ಕೂಲಿಗೆ ಹೋಗಬೇಕು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಮಕ್ಕಳ ಬಳಿಗೆ ಹೋಗಬೇಕು ಎಂದು ತೀರ್ಮಾನಿಸಿದರು. ಅವರ ಮನೆಯಂಗಳದಲ್ಲೇ ಪಾಠ ಶುರುವಾಯಿತು. 'ಅಂಗನವಾಡಿ' ಎಂಬ ಹೆಸರು ಹುಟ್ಟಿದ್ದು ಹೀಗೆ. 'ಅಂಗನ' ಎಂದರೆ ನಮ್ಮ 'ಅಂಗಳ'ವೇ. ಅಲ್ಲಿ ಕಲಿಕೆಯ ಸಾಮಗ್ರಿ ಎಂದರೆ ಬೆಣಚುಕಲ್ಲು, ಎಲೆ, ಕಡ್ಡಿ, ಹೂವು, ಬೀಜ, ಚಿಪ್ಪು. ಮಾಂಟೆಸ್ಸೊರಿ ಉಪಕರಣಗಳ ಪರಿಚಯವಿದ್ದ ಆಕೆ, ಅವುಗಳ ದುಬಾರಿ ಪೆಟ್ಟಿಗೆಯನ್ನಲ್ಲ, ಅವುಗಳ ತತ್ವವನ್ನು ಮಾತ್ರ ಅಂಗಳಕ್ಕೆ ಒಯ್ದರು.

ಇದನ್ನು ಬಡತನಕ್ಕೆ ಮಾಡಿಕೊಂಡ ಹೊಂದಾಣಿಕೆ ಎಂದು ಓದುವುದು ತಪ್ಪು. ಅಂಗಳದಲ್ಲಿ ಕಲಿಸಿದ್ದರಿಂದ ಮಗುವಿನ ಮನೆ, ಅಲ್ಲಿನ ಮಾತು, ಅಲ್ಲಿನ ಕೆಲಸ ಇವೆಲ್ಲವೂ ತಾವಾಗಿ ಪಾಠದ ಒಳಗೆ ಬಂದವು. ತಾರಾಬಾಯಿಯವರ ನಿಜವಾದ ಶೋಧ ಇದು. ನಾವು ಹೆಸರನ್ನು ಉಳಿಸಿಕೊಂಡಿದ್ದೇವೆ, ಅಂಗಳವನ್ನು ಕಳೆದುಕೊಂಡಿದ್ದೇವೆ.

ಏನು ಕಳೆದುಕೊಂಡಿದ್ದೇವೆ ಎಂಬುದನ್ನು ನಮ್ಮ ಶಾಲೆಗಳ 'ಹಣ್ಣಿನ ದಿನ'ದಲ್ಲೇ ನೋಡಬಹುದು. ನಮ್ಮಲ್ಲಿ ಮಾವು ಹಣ್ಣಾಗುವುದು ಬಹುತೇಕ ಶಾಲೆಗೆ ರಜೆ ಇರುವ ಏಪ್ರಿಲ್-ಮೇ ತಿಂಗಳಲ್ಲಿ. ಹಾಗಾಗಿ ಮಾವಿನ ಪಾಠ ಬರುವಾಗ ಮಾವು ಇರುವುದಿಲ್ಲ, ಹಳದಿ ಕಾಗದದ ಮಾವು ಇರುತ್ತದೆ. ಅದೇ ಜೂನ್ ತಿಂಗಳಲ್ಲಿ ಕರಾವಳಿ, ಮಲೆನಾಡಿನ ಹಿತ್ತಿಲುಗಳಲ್ಲಿ ಹಲಸು ಬಿದ್ದು ಕೊಳೆಯುತ್ತಿರುತ್ತದೆ. ಒಂದು ಹಲಸನ್ನು ತರಗತಿಗೆ ತಂದು ನೋಡಿ. ಎತ್ತಲು ಎಷ್ಟು ಮಕ್ಕಳು ಬೇಕು? ಮುಳ್ಳು ಚುಚ್ಚುತ್ತದೆಯೇ? ಒಳಗಿನ ಮೇಣ ಕೈಗೆ ಅಂಟಿದರೆ ನೀರಿನಲ್ಲಿ ಹೋಗುವುದಿಲ್ಲ, ಎಣ್ಣೆಯಲ್ಲಿ ಹೋಗುತ್ತದೆ. ಏಕೆ? ತೊಳೆಗಳೆಷ್ಟು, ಬೀಜಗಳೆಷ್ಟು? ಹತ್ತು ಬೀಜ ಬೇಯಿಸೋಣ, ಐದು ಬೀಜ ನೆಡೋಣ. ಎಷ್ಟು ದಿನಕ್ಕೆ ಮೊಳಕೆ ಬಂತು? ಭಾರ, ಎಣಿಕೆ, ವಾಸನೆ, ರುಚಿ, ಅಡುಗೆ, ಕಾಯುವಿಕೆ, ಮಾತು. ಒಂದು ವಾರದ ಪಾಠ ಒಂದು ಹಣ್ಣಿನಲ್ಲಿದೆ, ಖರ್ಚಿಲ್ಲ. ತರಗತಿ ಗಲೀಜಾಗುತ್ತದೆ, ಫೋಟೊ ಅಷ್ಟೇನೂ ಚಂದ ಬರುವುದಿಲ್ಲ. ತೀರಾ ಚಿಕ್ಕ ಮಕ್ಕಳು ಸಣ್ಣ ಬೀಜಗಳನ್ನು ಮೂಗಿಗೆ, ಕಿವಿಗೆ ಹಾಕಿಕೊಳ್ಳದಂತೆ ಒಬ್ಬರು ಪಕ್ಕದಲ್ಲೇ ಕೂತಿರಬೇಕು, ಅಷ್ಟೇ.

ಹಣ್ಣು ಬಂದರೆ ಅದರ ಹೆಸರೂ ಬರುತ್ತದೆ. ಪಠ್ಯದಲ್ಲಿ 'ಸೀಬೆ' ಎಂದಿರುತ್ತದೆ. ಮಂಗಳೂರಿನ ಮಗುವಿಗೆ ಅದು 'ಪೇರಳೆ'. ಇನ್ನೊಂದು ಸೀಮೆಯಲ್ಲಿ 'ಚೇಪೆ'. ಉರ್ದು ಮಾತನಾಡುವ ಮನೆಯಲ್ಲಿ 'ಅಮ್ರೂದ್' ಅಥವಾ 'ಜಾಮ್'. ಬ್ಯಾರಿ, ತುಳು, ಕೊಂಕಣಿ ಮನೆಗಳಲ್ಲಿ ಅವರವರ ಹೆಸರು. ಚಿತ್ರಪಟ ತೋರಿಸಿ 'ಇದೇನು?' ಎಂದು ಕೇಳುವ ತರಗತಿಯಲ್ಲಿ ಒಂದೇ ಹೆಸರು ಸರಿ, ಉಳಿದವು ತಪ್ಪು. ಹಣ್ಣನ್ನು ಕೈಗೆ ಕೊಟ್ಟು 'ನಿಮ್ಮ ಮನೆಯಲ್ಲಿ ಇದಕ್ಕೆ ಏನೆನ್ನುತ್ತೀರಿ?' ಎಂದು ಕೇಳುವ ತರಗತಿಯಲ್ಲಿ ಐದು ಹೆಸರೂ ಸರಿ, ಮಕ್ಕಳೆಲ್ಲರೂ ಐದೈದು ಹೆಸರು ಕಲಿತು ಮನೆಗೆ ಹೋಗುತ್ತಾರೆ. ನಾಲ್ಕು ವರ್ಷದ ಮಗು ತನ್ನ ತಾಯಿಯ ಮಾತು ತಪ್ಪು ಎಂದು ಕಲಿಯುವುದಕ್ಕೂ, ತನ್ನ ತಾಯಿಯ ಮಾತನ್ನು ಪಕ್ಕದ ಮಗು ಕಲಿಯುವುದನ್ನು ನೋಡುವುದಕ್ಕೂ ಇರುವ ಅಂತರ ಸಣ್ಣದಲ್ಲ. ಬೇರೆ ಬೇರೆ ಮನೆಯ ಮಕ್ಕಳು ಒಟ್ಟಿಗೆ ಬೆಳೆಯಬೇಕು ಎಂದು ನಾವು ಸಭೆಗಳಲ್ಲಿ ಭಾಷಣ ಮಾಡುತ್ತೇವೆ. ಆ ಕೆಲಸ ಒಂದು ಪೇರಳೆ ಹಣ್ಣಿನಿಂದ ಶುರುವಾಗಬಹುದು.

ಇದಕ್ಕಿಂತ ಹೆಚ್ಚು ಚುಚ್ಚುವ ವಿಷಯ 'ನಮ್ಮ ಸಹಾಯಕರು' ಎಂಬ ಪಾಠ. ಭಿತ್ತಿಪತ್ರದಲ್ಲಿ ಡಾಕ್ಟರ್, ಪೊಲೀಸ್, ಪೈಲಟ್, ಶಿಕ್ಷಕಿ ಇರುತ್ತಾರೆ. ವೇಷ ಸ್ಪರ್ಧೆಯಲ್ಲೂ ಅವರೇ. ಆದರೆ ಆ ತರಗತಿಯ ಮಕ್ಕಳ ಮನೆಗಳಲ್ಲಿ ಇರುವವರು ಯಾರು? ಮೀನು ಹಿಡಿಯುವವರು, ಮೀನು ಮಾರುವವರು, ಟೈಲರ್, ಗಾರೆ ಕೆಲಸದವರು, ಲಾರಿ ಚಾಲಕರು, ಗುಜರಿ ವ್ಯಾಪಾರಿಗಳು, ಬೀಡಿ ಕಟ್ಟುವ ತಾಯಂದಿರು. ದಕ್ಷಿಣ ಕನ್ನಡದಲ್ಲಿ ಜಾತಿ-ಧರ್ಮದ ಭೇದವಿಲ್ಲದೆ ಎಷ್ಟೋ ಮನೆಗಳನ್ನು ನಡೆಸಿದ್ದು ಈ ತಾಯಂದಿರ ಬೆರಳುಗಳು. ತರಗತಿಗೆ ತಂಬಾಕು ತರಬೇಕೆಂದು ನಾನು ಹೇಳುತ್ತಿಲ್ಲ, ತರಲೂಬಾರದು. ಆದರೆ ಎಲೆ ಕತ್ತರಿಸುವ, ಸುತ್ತುವ, ನೂಲು ಕಟ್ಟುವ, ಎಣಿಸಿ ಕಟ್ಟು ಮಾಡುವ ಕೈಯನ್ನು ದಿನವೂ ನೋಡುವ ಮಗುವಿಗೆ ಎಣಿಕೆ, ಅಳತೆ, ವೇಗ ಎಲ್ಲವೂ ಪರಿಚಿತ. ಟೈಲರನ ಮಗುವಿಗೆ ಅಳತೆ ಪಟ್ಟಿ ಗೊತ್ತು, ಮೀನುಗಾರನ ಮಗುವಿಗೆ ಗಂಟು ಹಾಕಲು ಗೊತ್ತು. 'ಮಾಡಿ ಕಲಿ' ಎನ್ನುವ ಶಾಲೆ ಮಾಡಿ ಬದುಕುವವರ ಕೈಯನ್ನು ಬಾಗಿಲಲ್ಲೇ ನಿಲ್ಲಿಸಿ, ಥರ್ಮೊಕೋಲನ್ನು ಒಳಗೆ ಬಿಡುತ್ತದೆ. ಇದಕ್ಕಿಂತ ದೊಡ್ಡ ವಿರೋಧಾಭಾಸ ಇನ್ನೇನಿದೆ? ಒಂದು ದಿನ ಒಬ್ಬ ಟೈಲರನ್ನು ಕರೆದು ಮಕ್ಕಳ ತೋಳಿನ ಅಳತೆ ತೆಗೆಸಲಿ. ಒಂದು ದಿನ ಬಲೆ ಹೆಣೆಯುವವರು ಬಂದು ಗಂಟು ತೋರಿಸಲಿ. ಅಂದು ಆ ಮಗು ತಲೆ ಎತ್ತಿ ಕೂರುವ ರೀತಿಯನ್ನು ಯಾವ ವೇಷ ಸ್ಪರ್ಧೆಯೂ ಕೊಡಲಾರದು.

ಸರಕಾರದ ದಾಖಲೆಗಳನ್ನು ನೋಡಿದರೆ ಇವೆಲ್ಲ ಒಪ್ಪಿತ ಮಾತುಗಳೇ. 1993ರಲ್ಲೇ ಯಶಪಾಲ್ ಸಮಿತಿ ಹೊರೆಯಿಲ್ಲದ ಕಲಿಕೆಯ ಬಗ್ಗೆ ವರದಿ ಕೊಟ್ಟು, ಎಳೆಯ ಮಕ್ಕಳ ಮೇಲೆ ಬೀಳುವ ಭಾರವನ್ನು ಎತ್ತಿ ತೋರಿಸಿತ್ತು. ನಮ್ಮದೇ ರಾಜ್ಯದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ 'ನಲಿಕಲಿ', ಆಟ ಮತ್ತು ಚಟುವಟಿಕೆಯನ್ನು ಸರಕಾರಿ ಪ್ರಾಥಮಿಕ ಶಾಲೆಗೆ ತಂದು ದೇಶದ ಗಮನ ಸೆಳೆಯಿತು. ಅಂಗನವಾಡಿಗಳಿಗೆ ವಿಷಯಾಧಾರಿತ ಚಟುವಟಿಕೆಗಳ 'ಚಿಲಿಪಿಲಿ' ಬಂತು. 2022ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, 3ರಿಂದ 8 ವರ್ಷದ ಮಕ್ಕಳಿಗೆ ಆಟವೇ ಕಲಿಕೆಯ ಮಾರ್ಗ, ಮನೆಮಾತೇ ಕಲಿಕೆಯ ಮಾಧ್ಯಮವಾಗಬೇಕು ಎಂದಿತು. 2023ರ ಫೆಬ್ರವರಿಯಲ್ಲಿ ಆಟಿಕೆ, ಗೊಂಬೆ, ಒಗಟು, ಚಿತ್ರಪಟಗಳ 'ಜಾದೂಯಿ ಪಿಟಾರಾ', ಅಂದರೆ ಮಾಯಾ ಪೆಟ್ಟಿಗೆ ಬಿಡುಗಡೆಯಾಯಿತು.

ಪೆಟ್ಟಿಗೆ ಬರಲಿ, ಸಂತೋಷ. ಆದರೆ ಫ್ರೋಬೆಲರ ಪೆಟ್ಟಿಗೆಗೆ ಏನಾಯಿತು ಎಂಬುದನ್ನು ನೋಡಿದವರಿಗೆ ಒಂದು ಆತಂಕ ಇದ್ದೇ ಇರುತ್ತದೆ. ಪೆಟ್ಟಿಗೆಯನ್ನು ತೆರೆಯುವವಳಿಗೆ ಸಮಯವಿದೆಯೇ? ಕರ್ನಾಟಕದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಐಸಿಡಿಎಸ್ ಯೋಜನೆ ಆರಂಭವಾದಾಗ ನಮ್ಮ ತಿರುಮಕೂಡಲು ನರಸೀಪುರವೂ ಅದರಲ್ಲಿತ್ತು. ಅಂದಿನಿಂದ ಇಂದಿನವರೆಗೆ ಕಾರ್ಯಕರ್ತೆ ಪಡೆಯುವುದು ಸಂಬಳವಲ್ಲ, ಗೌರವಧನ. ಅವಳು ಮಕ್ಕಳನ್ನು ತೂಗಬೇಕು, ಆಹಾರ ಹಂಚಬೇಕು, ಗರ್ಭಿಣಿಯರ ಲೆಕ್ಕ ಇಡಬೇಕು, ಸಮೀಕ್ಷೆಗೆ ಹೋಗಬೇಕು, ಮೊಬೈಲ್ ಆ್ಯಪ್‌ನಲ್ಲಿ ಎಲ್ಲವನ್ನೂ ತುಂಬಬೇಕು. ಇಷ್ಟರ ನಡುವೆ ಹಲಸಿನ ಬೀಜ ಎಷ್ಟು ದಿನಕ್ಕೆ ಮೊಳೆಯಿತು ಎಂದು ಮಕ್ಕಳೊಂದಿಗೆ ಕುಕ್ಕರುಗಾಲಲ್ಲಿ ಕುಳಿತು ನೋಡು ಎಂದರೆ ಯಾವಾಗ ನೋಡಿಯಾಳು? ಖಾಸಗಿ ಶಾಲೆಯ ಶಿಕ್ಷಕಿಯ ಪಾಡೂ ಬೇರೆಯಲ್ಲ. ಅತ್ಯಂತ ಚಿಕ್ಕ ಮಕ್ಕಳ ಶಿಕ್ಷಕಿಗೇ ಸಾಮಾನ್ಯವಾಗಿ ಅತ್ಯಂತ ಕಡಿಮೆ ಸಂಬಳ. ರಾತ್ರಿ ಕುಳಿತು ಮೂವತ್ತು ಸೂರ್ಯಕಾಂತಿ ಕತ್ತರಿಸಿದವಳನ್ನು ಹಳಿಯುವುದು ಈ ಬರಹದ ಉದ್ದೇಶವಲ್ಲ. ಅವಳಿಂದ ಸೂರ್ಯಕಾಂತಿಗಳನ್ನೇ ಕೇಳುವ ವ್ಯವಸ್ಥೆಯ ಬಗ್ಗೆ ನನ್ನ ತಕರಾರು.

ಆ ವ್ಯವಸ್ಥೆಯಲ್ಲಿ ಹೆತ್ತವರಾದ ನಾವೂ ಇದ್ದೇವೆ. 'ಮಗು ಬರೀ ಆಟವಾಡುತ್ತದೆ, ಎಬಿಸಿಡಿ ಬರೆಯುವುದು ಯಾವಾಗ?' ಎಂದು ಕೇಳುವವರನ್ನು ತಜ್ಞರು ಗೇಲಿ ಮಾಡುತ್ತಾರೆ. ಅದು ಸರಿಯಲ್ಲ. ಹೊಟ್ಟೆ ಬಟ್ಟೆ ಕಟ್ಟಿ ಫೀಸು ತುಂಬುವ ತಂದೆಗೆ, ತಾನು ಓದಲಾಗದ್ದನ್ನು ಮಗುವಾದರೂ ಓದಲಿ ಎಂಬ ತಾಯಿಗೆ ಆ ಪ್ರಶ್ನೆ ಕೇಳುವ ಹಕ್ಕಿದೆ. ಉತ್ತರವನ್ನು ಶಾಲೆ ಕೊಡಬೇಕು: ಮಣ್ಣು ನಾದಿದ, ಗಂಟು ಬಿಡಿಸಿದ ಬೆರಳಿಗೆ ಪೆನ್ಸಿಲ್ ಹಿಡಿಯುವ ಬಲ ಬರುತ್ತದೆ. ತಾನು ಮಾಡಿದ್ದರ ಬಗ್ಗೆ ಹತ್ತು ಮಾತಾಡಿದ ಮಗುವಿಗೆ ಮುಂದೆ ಆ ಮಾತುಗಳನ್ನು ಅಕ್ಷರದಲ್ಲಿ ಕಂಡಾಗ ಅರ್ಥ ಹೊಳೆಯುತ್ತದೆ. ಬೀಜಗಳನ್ನು ಐದೈದಾಗಿ ಗುಡ್ಡೆ ಮಾಡಿದ ಮಗುವಿಗೆ ಮಗ್ಗಿ ಬಾಯಿಪಾಠವಾಗಿ ಉಳಿಯುವುದಿಲ್ಲ. ಈ ಉತ್ತರ ಕೊಡಲು ಶಾಲೆಗೆ ಧೈರ್ಯವಿಲ್ಲದಾಗ ಅದು ಗೋಡೆ ಅಲಂಕರಿಸುತ್ತದೆ, ಬೆಳಿಗ್ಗೆ ಹಳದಿ ದಿನ ಆಚರಿಸಿ ಮಧ್ಯಾಹ್ನ ಎರಡು ಪುಟ ಕಾಪಿ ಬರೆಸುತ್ತದೆ. ಇಬ್ಬರಿಗೂ ಸಮಾಧಾನ, ಮಗುವಿಗೆ ಮಾತ್ರ ಎರಡು ಪಟ್ಟು ಕೆಲಸ.

ಆದ್ದರಿಂದ ಮುಂದಿನ ಬಾರಿ ಮಗುವಿನ ಶಾಲೆಗೆ ಹೋದಾಗ ಗೋಡೆಯನ್ನು ನೋಡಿ ಮರುಳಾಗಬೇಡಿ. ಶಿಕ್ಷಕಿಯನ್ನು ಗೌರವದಿಂದ ಮೂರು ಮಾತು ಕೇಳಿ. ಇದರಲ್ಲಿ ನನ್ನ ಮಗು ಯಾವುದನ್ನು ತಾನೇ ಆರಿಸಿತು? ಮಾಡುವಾಗ ಅದು ಏನು ಕೇಳಿತು? ಈ ಪಾಠಕ್ಕೆ ನಮ್ಮ ಮನೆಯಿಂದ ನಾವೇನು ಕೊಡಬಹುದು? ಮೂರನೆಯ ಪ್ರಶ್ನೆಗೆ ಉತ್ತರ ಬಂದರೆ ಒಂದು ಹಲಸನ್ನೋ, ಒಂದು ಹಿಡಿ ಹತ್ತಿಯನ್ನೋ, ಬಟ್ಟೆಯ ಚೂರುಗಳನ್ನೋ ಒಯ್ದು ಕೊಡಿ, ಒಂದು ಗಂಟೆ ಅಲ್ಲೇ ಕುಳಿತು ಮಕ್ಕಳಿಗೆ ತೋರಿಸಿ. ಗೋಡೆಯ ಮೇಲೆ ಸೊಟ್ಟಗಿರುವ ಸೂರ್ಯಕಾಂತಿಯೊಂದು ಕಂಡರೆ, ಅದನ್ನು ನೆಟ್ಟಗೆ ಮಾಡದೆ ಹಾಗೇ ಬಿಟ್ಟ ಶಿಕ್ಷಕಿಗೆ ಒಂದು ಧನ್ಯವಾದ ಹೇಳಿ ಬನ್ನಿ.